ನನ್ನ ಪಾಲನ್ನೂ ಹಾಡಿದವರಿಗೆ

ದೇವರ ದಯೆಯಿಂದ ನನ್ನ ಸ್ವರ ವಾಪಸ್ ಬಂದಿದೆ. ಮೇಲಿನ ಸ್ವರಗಳು ಇನ್ನೂ ಪೂರ್ತಿ ಸಿಗುತ್ತಿಲ್ಲ, ಆದರೆ ಕಳೆದ ಭಾನುವಾರದ ಆರಾಧನೆಯಲ್ಲಿ ಕೀಬೋರ್ಡ್ ನುಡಿಸುತ್ತಾ ಎಲ್ಲ ಹಾಡುಗಳನ್ನೂ ನಿಮ್ಮ ಜೊತೆ ಹಾಡಿದೆ. ಹೊರಗೆ ಬಂದಾಗ ಎಷ್ಟೋ ಜನ ಕೈ ಹಿಡಿದು ಮಾತಾಡಿಸಿದಿರಿ. ಆ ಗಡಿಬಿಡಿಯಲ್ಲಿ ಒಬ್ಬೊಬ್ಬರಿಗೂ ಥ್ಯಾಂಕ್ಸ್ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಮಳೆಗಾಲಕ್ಕೆ ಮುಂಚೆ ನನಗೆ ಥೈರಾಯ್ಡ್ ಗಂಟಿನ ಆಪರೇಷನ್ ಆಯಿತು. ಕ್ಯಾನ್ಸರ್ ಅಲ್ಲ ಅಂತ ರಿಪೋರ್ಟ್ ಬಂತು, ಅದೇ ದೊಡ್ಡ ಸಮಾಧಾನ. ಆದರೆ ಧ್ವನಿಪೆಟ್ಟಿಗೆಗೆ ಹೋಗುವ ನರ ಆ ಗ್ರಂಥಿಯ ಹಿಂದೆಯೇ ಹಾದುಹೋಗುತ್ತದೆ. ಅದಕ್ಕೆ ಸ್ವಲ್ಪ ಪೆಟ್ಟಾದರೂ ಧ್ವನಿತಂತುಗಳು ಸರಿಯಾಗಿ ಕೂಡುವುದಿಲ್ಲ, ಮಾತಿನ ಬದಲು ಬರೀ ಗಾಳಿ ಬರುತ್ತದೆ. ಹೀಗಾಗಬಹುದು, ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿ ಹೋಗುತ್ತದೆ ಅಂತ ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಅವರಿಗೆ ನನ್ನ ಮೊದಲ ವಂದನೆ. ಆಮೇಲೆ ಸ್ಪೀಚ್ ಥೆರಪಿ ಮಾಡಿಸಿದ ಆ ಹುಡುಗಿಗೆ. ಅರ್ಧ ಲೋಟ ನೀರಿಗೆ ಸ್ಟ್ರಾ ಇಟ್ಟು, ಗುಳ್ಳೆ ಏಳಿಸುತ್ತಲೇ 'ಊ' ಅಂತ ಸ್ವರ ಹಿಡಿಯಬೇಕು. ಗುಳ್ಳೆ ನಿಂತರೆ ಉಸಿರು ಜಾರಿತು ಅಂತ ಅರ್ಥ. ಬೆಳಿಗ್ಗೆ ಸಂಜೆ ಅದೇ ಅಭ್ಯಾಸ. ಒಂದು ದಿನವೂ ಆಕೆ ಬೇಸರ ತೋರಿಸಲಿಲ್ಲ.

ಚರ್ಚಿನ ಹಾಡುಗಾರರ ತಂಡಕ್ಕೆ, ಅಂದರೆ ಕಾಯರಿಗೆ, ಕಲಿಸುವವರ ಕೆಲಸ ನಿಮಗೆ ಗೊತ್ತೇ ಇದೆ. ಹೆಂಗಸರ ಮೇಲಿನ ಸ್ವರದ ಸೊಪ್ರಾನೊ, ಕೆಳಗಿನ ಆಲ್ಟೊ, ಗಂಡಸರ ಮೇಲಿನ ಸ್ವರದ ಟೆನರ್, ಕೆಳಗಿನ ಬೇಸ್, ಈ ನಾಲ್ಕು ಪಾರ್ಟನ್ನೂ ನಾನೇ ಹಾಡಿ ತೋರಿಸಿ ಕಲಿಸುವ ಅಭ್ಯಾಸ. ಬಾಯಿಯೇ ಮುಚ್ಚಿದರೆ ಪ್ರಾಕ್ಟೀಸ್ ಹೇಗೆ? 1834ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿಗೆ ಬಂದಾಗ ಅವರ ಜೊತೆ ಜರ್ಮನ್ ರಾಗಗಳೂ ಈ ಊರಿಗೆ ಬಂದವು. ಅವುಗಳಲ್ಲಿ ಹೆಚ್ಚಾಗಿ ಒಂದು ಅಕ್ಷರಕ್ಕೆ ಒಂದು ಸ್ವರ. ಅವನ್ನು ಕೀಬೋರ್ಡಿನಲ್ಲೇ ಒಂದೊಂದು ಪಾರ್ಟ್ ನುಡಿಸಿ ಕಲಿಸಬಹುದು, ಹಾಗೇ ಮಾಡಿದೆವು. ಕಷ್ಟ ಬಂದದ್ದು ತಬಲಾದ ಜೊತೆ ಹಾಡುವ ನಮ್ಮ ಕನ್ನಡ ಹಾಡುಗಳಲ್ಲಿ. ಕನ್ನಡ ನಿಘಂಟು ಮಾಡಿದ, ಅದೇ ಮಿಷನ್ನಿನ ಕಿಟೆಲ್ 1862ರಷ್ಟು ಹಿಂದೆಯೇ ಯೇಸುವಿನ ಕಥೆಯನ್ನು ಷಟ್ಪದಿಯಲ್ಲಿ ಬರೆದಿದ್ದರು. ಕನ್ನಡದ ಮಾತಿಗೆ ಅದರದ್ದೇ ನಡಿಗೆ ಇದೆ ಅಂತ ಅವರಿಗೆ ಗೊತ್ತಿತ್ತು ಅಂತ ನನಗೆ ಅನಿಸುತ್ತದೆ. ಆ ನಡಿಗೆ, ಸ್ವರದಿಂದ ಸ್ವರಕ್ಕೆ ಜಾರುವ ಆ ಎಳೆತ, ಕೀಬೋರ್ಡಿನ ಕೀಲಿಗಳಲ್ಲಿ ಬರುವುದೇ ಇಲ್ಲ. ಒಬ್ಬರ ಬಾಯಿಂದಲೇ ಬರಬೇಕು.

ಆಗ ಎದ್ದು ಬಂದವರು ಮೂರನೇ ಬೆಂಚಿನ ನಮ್ಮ ದೊಡ್ಡಮ್ಮ. ಕಾಯರಿನವರಲ್ಲ, ನೋಟೇಶನ್ ಓದಲು ಬರುವುದಿಲ್ಲ, ಮನೆಯಲ್ಲಿ ತುಳು. "ನೀವು ಮಾತಾಡ್ಬೇಡಿ ಮಾಸ್ಟ್ರೆ, ಅಮ್ಮ ಹಾಡ್ತಿದ್ದದ್ದು ನನಗೆ ನೆನಪುಂಟು, ನಾನು ಹೇಳಿಕೊಡ್ತೇನೆ" ಅಂದರು. ಸ್ಟೂಲ್ ಮೇಲೆ ಕೂತು, ಸೆರಗು ಸರಿ ಮಾಡಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತಾ ಒಂದೊಂದು ಸಾಲು ಹಾಡಿದರು. ಮಕ್ಕಳು ತಪ್ಪಿದ ಕಡೆ ಕೈ ಎತ್ತಿ ನಿಲ್ಲಿಸಿ ಮತ್ತೆ ಮೊದಲಿಂದ. ಎರಡನೇ ಚರಣದ ಒಂದು ಚಿಕ್ಕ ತಿರುವು ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅದು ಅವರ ತಾಯಿಯಿಂದ ಬಂದದ್ದು. ಈಗ ಇಡೀ ಕಾಯರ್ ಅದನ್ನು ಹಾಗೇ ಹಾಡುತ್ತದೆ. ದೊಡ್ಡಮ್ಮ, ನಿಮ್ಮ ಋಣ ದೊಡ್ಡದು.

ಆಲ್ಟೊದ ಅಕ್ಕ ಎಲ್ಲರ ಹಾಳೆಯಲ್ಲೂ ಪೆನ್ಸಿಲಿನಿಂದ ಉಸಿರಿನ ಗುರುತು ಹಾಕಿಕೊಟ್ಟರು. ಇದು ಸಣ್ಣ ಕೆಲಸ ಅಲ್ಲ. ಬೇರೆ ಭಾಷೆಯ ರಾಗಕ್ಕೆ ಕನ್ನಡ ಕೂರಿಸಿದಾಗ ಹ್ರಸ್ವ ಅಕ್ಷರ ಉದ್ದದ ಸ್ವರಕ್ಕೆ ಬೀಳುತ್ತದೆ, ಉಸಿರು ಪದದ ಮಧ್ಯೆ ತುಂಡಾಗುತ್ತದೆ, ಕೇಳುವವರಿಗೆ ಅರ್ಥವೇ ಕೆಡುತ್ತದೆ. ಹಾಡುವುದು ಪ್ರಾರ್ಥನೆ ಅಂತ ನಂಬುವವರು ಮಾತು ತಿಳಿಯುವ ಹಾಗೆ ಹಾಡಬೇಕು ಅಲ್ವಾ? ತಬಲಾದ ತಮ್ಮ ಕೆಲಸ ಮುಗಿಸಿ ಬಸ್ಸಿನಲ್ಲಿ ನೇರ ಪ್ರಾಕ್ಟೀಸಿಗೇ ಬರುತ್ತಿದ್ದ. ಚರ್ಚ್ ನೋಡಿಕೊಳ್ಳುವ ಅಣ್ಣ ಹಳೆಯ ಕಾಲು ಹಾರ್ಮೋನಿಯಂ ಒಳಗೆ ಥಂಡಿ ಹಿಡಿಯದ ಹಾಗೆ ಮಳೆಗಾಲ ಪೂರ್ತಿ ಬಲ್ಬ್ ಉರಿಸಿಟ್ಟರು. ಸಭಾಪಾಲಕರು ಪ್ರತಿ ವಾರ ಮನೆಗೆ ಬಂದು, ನನ್ನಿಂದ ಉತ್ತರ ಬಯಸದೆ ಸುಮ್ನೆ ಕೂತು ಪ್ರಾರ್ಥಿಸಿ ಹೋದರು.

ಇನ್ನು ನಂಬಿಕೆಯ ಮಾತು. ಇದನ್ನು ಬರೆಯಲೇಬೇಕು. ನಡುವೆ ಕೆಲವು ವಾರ ಸ್ವರ ಬರುವ ಲಕ್ಷಣವೇ ಕಾಣಲಿಲ್ಲ. ಒಬ್ಬನೇ ಕೂತಾಗ ಪ್ರಾರ್ಥನೆಯೂ ಬರುತ್ತಿರಲಿಲ್ಲ. ಆಗಲೂ ಭಾನುವಾರ ಬಂದು ಕೀಬೋರ್ಡ್ ಮುಂದೆ ಕೂರುತ್ತಿದ್ದೆ, ನೀವು ಹಾಡುತ್ತಿದ್ದಿರಿ. ಬಾಯಿ ಮುಚ್ಚಿ ಕೂತವನಿಗೆ ಎಲ್ಲ ಕೇಳಿಸುತ್ತದೆ. ಹಿಂದಿನ ಬೆಂಚಿನ ಅಜ್ಜ ಒಂದು ಸ್ವರ ಕೆಳಗೆ ಹಾಡುವುದು, ಗಂಡ ತೀರಿಕೊಂಡ ಹೊಸದರಲ್ಲಿ ಆ ಅಮ್ಮ ಮೂರನೇ ಚರಣದಲ್ಲಿ ತಡೆದು ನಾಲ್ಕನೆಯದಕ್ಕೆ ಮತ್ತೆ ಸೇರುವುದು, ಮಕ್ಕಳು ಆಮೆನ್ ಜೋರಾಗಿ ಹೇಳುವುದು. ಆ ದಿನಗಳಲ್ಲಿ ನನ್ನೊಳಗೆ ಹುಡುಕಿದರೆ ನಂಬಿಕೆ ಸಿಗುತ್ತಿರಲಿಲ್ಲ, ಆದರೆ ಪಕ್ಕದ ಬೆಂಚಿನಲ್ಲಿ ಕೇಳಿಸುತ್ತಿತ್ತು. ನನ್ನಿಂದ ಹೇಳಲಾಗದ್ದನ್ನು ನೀವು ನನ್ನ ಪರವಾಗಿ ದೇವರ ಮುಂದೆ ಹಾಡಿದಿರಿ. ಇಷ್ಟು ವರ್ಷ ಹಾಡು ಕಲಿಸಿದ ನನಗೆ ಸಭೆ ಅಂದರೆ ಏನು ಅಂತ ಅಲ್ಲಿ ತಿಳಿಯಿತು.

ಭಾನುವಾರ ಕೊನೆಗೆ ನಾನು ನುಡಿಸಿದ್ದು ಯಾವ ರಾಗ ಅಂತ ಕೆಲವರು ಕೇಳಿದಿರಿ. ಅದು ಜರ್ಮನಿಯ ಹಳೆಯ ಕೃತಜ್ಞತಾ ಗೀತೆಯದ್ದು. ಮೂವತ್ತು ವರ್ಷಗಳ ಯುದ್ಧದ ಮಧ್ಯೆ, ಸುಮಾರು 1636ರಲ್ಲಿ, ಐಲೆನ್‌ಬುರ್ಗ್ ಊರಿನ ಸಭಾಪಾಲಕ ಮಾರ್ಟಿನ್ ರಿಂಕಾರ್ಟ್ ಆ ಗೀತೆ ಬರೆದರು. ಮರುವರ್ಷ ಊರಿಗೆ ಪ್ಲೇಗ್ ಬಂತು. 4,000ಕ್ಕೂ ಹೆಚ್ಚು ಜನರ ಅಂತ್ಯಕ್ರಿಯೆಯನ್ನು ಅವರು ನಡೆಸಬೇಕಾಯಿತು, ಅದರಲ್ಲಿ ಅವರ ಹೆಂಡತಿಯದ್ದೂ ಒಂದು. ಹಬ್ಬದಲ್ಲಿ ಜೋರಾಗಿ ಹಾಡುವ ಹಾಡು ಇದು. ಆದರೆ ಇದರ ಹಿಂದೆ ಇಷ್ಟು ಕಣ್ಣೀರು ಇದೆ ಅಂತ ಗೊತ್ತಿದ್ದರೆ ನುಡಿಸುವ ಕೈ ತಾನಾಗಿ ನಿಧಾನ ಆಗುತ್ತದೆ. ಬೆಳೆ ಹಬ್ಬಕ್ಕೆ ಇದನ್ನೇ ನಾಲ್ಕು ಪಾರ್ಟಿನಲ್ಲಿ ಹಾಡೋಣ ಅಂತ ನನ್ನ ಆಸೆ. ಅಜ್ಜನಿಗೂ ಸಿಗುವ ಹಾಗೆ ಒಂದು ಸ್ವರ ಕೆಳಗೆ ಇಟ್ಟಿದ್ದೇನೆ.

ಶನಿವಾರ ಸಂಜೆ ಐದೂವರೆಗೆ ಪ್ರಾಕ್ಟೀಸ್ ಇದೆ. ಟೆನರ್‌ಗೆ ಇನ್ನೂ ಇಬ್ಬರು ಬೇಕು. ಕನ್ನಡ ಹಾಡುಗಳನ್ನು ದೊಡ್ಡಮ್ಮನೇ ಕಲಿಸುತ್ತಾರೆ, ಆ ಜವಾಬ್ದಾರಿ ಇನ್ನು ಮುಂದೆಯೂ ಅವರದ್ದೇ.