‘ಅವರು’ ಯಾರೆಂದು ಯಂತ್ರವೂ ತಿಳಿಯಬೇಕು

ಮಾನ್ಯ ಸಂಪಾದಕರೇ,

ಸಂಭಾಷಣೆ ನಡೆಸುವ ಕಂಪ್ಯೂಟರ್ ವ್ಯವಸ್ಥೆಗಳನ್ನು ಉತ್ತರದ ಸೊಗಸಿನಿಂದಷ್ಟೇ ಅಳೆಯದೆ, ‘ಅದು’, ‘ಅವರು’ ಎಂಬ ಸರ್ವನಾಮಗಳು ಯಾರನ್ನು ಅಥವಾ ಯಾವುದನ್ನು ಸೂಚಿಸುತ್ತವೆ ಎಂಬುದನ್ನು ಅವು ಸರಿಯಾಗಿ ಗುರುತಿಸುತ್ತವೆಯೇ ಎಂದೂ ಪರೀಕ್ಷಿಸಬೇಕು. 1972ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಟೆರಿ ವಿನೋಗ್ರಾಡ್ ಚರ್ಚಿಸಿದ ಉದಾಹರಣೆಯೊಂದರ ಸಾರ ಹೀಗಿದೆ: ನಗರಸಭಾ ಸದಸ್ಯರು ಪ್ರತಿಭಟನಕಾರರಿಗೆ ಅನುಮತಿ ನಿರಾಕರಿಸಿದರು, ಏಕೆಂದರೆ ಅವರು ಹಿಂಸೆಗೆ ಹೆದರಿದ್ದರು. ಇಲ್ಲಿ ‘ಅವರು’ ಎಂದರೆ ನಗರಸಭಾ ಸದಸ್ಯರು. ‘ಹಿಂಸೆಗೆ ಹೆದರಿದ್ದರು’ ಎಂಬಲ್ಲಿ ‘ಹಿಂಸೆಯನ್ನು ಪ್ರತಿಪಾದಿಸಿದ್ದರು’ ಎಂದಿಟ್ಟರೆ, ವಾಕ್ಯದ ರಚನೆ ಹಾಗೆಯೇ ಉಳಿದರೂ ‘ಅವರು’ ಪ್ರತಿಭಟನಕಾರರಾಗುತ್ತಾರೆ. ಇದನ್ನು ಬಿಡಿಸಲು ವ್ಯಾಕರಣ ಸಾಲದು, ಲೋಕಜ್ಞಾನ ಬೇಕು.

ಸರ್ವನಾಮ ಯಾರನ್ನು ಸೂಚಿಸುತ್ತದೆಂದು ಕಂಡುಹಿಡಿಯಲು 1978ರಲ್ಲಿ ಸಂಶೋಧಕ ಜೆರ್ರಿ ಹಾಬ್ಸ್ ವಾಕ್ಯರಚನೆಯನ್ನು ನಿಗದಿತ ಕ್ರಮದಲ್ಲಿ ಶೋಧಿಸುವ ವಿಧಾನವನ್ನು ರೂಪಿಸಿದರು. ಇಂದಿನ ನರಜಾಲ ಮಾದರಿಗಳು, ಅಂದರೆ ಮೆದುಳಿನ ನರಕೋಶಗಳ ಜಾಲದಿಂದ ಪ್ರೇರಿತವಾದ ಕಂಪ್ಯೂಟರ್ ವ್ಯವಸ್ಥೆಗಳು, ಅಪಾರ ಪಠ್ಯದಿಂದ ಕಲಿಯುತ್ತವೆ. ಆದರೆ ಪಠ್ಯದಲ್ಲಿರುವ ಪೂರ್ವಗ್ರಹವೂ ಅವುಗಳಿಗೆ ಅಂಟಿಕೊಳ್ಳುತ್ತದೆ. ವೃತ್ತಿಯ ಹೆಸರನ್ನು ನೋಡಿ ಪುರುಷನೋ ಸ್ತ್ರೀಯೋ ಎಂದು ಊಹಿಸುವ ಪ್ರವೃತ್ತಿಯನ್ನು 2018ರ ಅಧ್ಯಯನಗಳು ದಾಖಲಿಸಿವೆ, ಮತ್ತು ಇದು ನನಗೆ ಅತ್ಯಂತ ಕಳವಳದ ಸಂಗತಿ.

ಕನ್ನಡದಲ್ಲಂತೂ ಹಲವು ಬಾರಿ ಕರ್ತೃಪದವನ್ನೇ ಬಿಟ್ಟು ಮಾತನಾಡುತ್ತೇವೆ. ‘ಬಂದಳು’ ಎಂಬಲ್ಲಿ ಪ್ರತ್ಯಯವೇ ಸುಳಿವು ಕೊಡುತ್ತದೆ. ‘ಬಂದರು’ ಎಂದಾಗ ಬಂದವರು ಹಲವರೋ, ಗೌರವಕ್ಕೆ ಪಾತ್ರರಾದ ಒಬ್ಬರೋ ಎಂಬುದನ್ನು ಹಿಂದಿನ ಮಾತಿನಿಂದಲೇ ತಿಳಿಯಬೇಕು. ಆದ್ದರಿಂದ ಇಂಗ್ಲಿಷ್ ಪರೀಕ್ಷೆಗಳ ಅನುವಾದವನ್ನು ನೆಚ್ಚಿಕೊಳ್ಳದೆ, ಸಹಜ ಕನ್ನಡ ಸಂಭಾಷಣೆಗಳಲ್ಲಿ ಯಾವ ಪದ ಯಾರನ್ನು ಸೂಚಿಸುತ್ತದೆ ಎಂದು ಗುರುತಿಸಿದ ಮುಕ್ತ ದತ್ತಾಂಶವನ್ನು ವಿಶ್ವವಿದ್ಯಾಲಯಗಳು ಸಿದ್ಧಪಡಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ