ಕಿವಿಗೆ ಪುಸ್ತಕ ಕೊಟ್ಟವರಿಗೆ

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಅದಕ್ಕೇ ಎಲ್ಲರೆದುರು ಥ್ಯಾಂಕ್ಸ್ ಹೇಳುತ್ತಿದ್ದೇನೆ. ಕಣ್ಣುನೋವಿನಿಂದ ಓದೋಕೆ ಆಗುತ್ತಿಲ್ಲ ಎಂದಾಗ, "ಕಿವಿ ಇದೆಯಲ್ಲಾ, ಕೇಳಿ" ಎಂದು ನನ್ನ ಫೋನಿನಲ್ಲಿ ಲಿಬ್ರಿವಾಕ್ಸ್ ಎಂಬ ಆಡಿಯೋ ಪುಸ್ತಕಗಳ ತಾಣ ತೆರೆದುಕೊಟ್ಟು ಹೊರಟುಬಿಟ್ಟಿರಿ.

ಹಕ್ಕುಸ್ವಾಮ್ಯ ಮುಗಿದ ಪುಸ್ತಕ ಎಲ್ಲರ ಸ್ವತ್ತು ಅಲ್ವಾ? ಅಂಥ ಪುಸ್ತಕಗಳನ್ನು ಓದಿ, ರೆಕಾರ್ಡ್ ಮಾಡಿ, ಆ ಧ್ವನಿಯನ್ನೂ ಎಲ್ಲರಿಗೂ ಬಿಟ್ಟುಕೊಡುವ ಕೆಲಸವಿದು. 2005ರಲ್ಲಿ ಹ್ಯೂ ಮೆಕ್‌ಗ್ವಾಯರ್ ಎಂಬವರು ಇದನ್ನು ಶುರುಮಾಡಿದರು. ಓದುವವರೆಲ್ಲ ಸ್ವಯಂಸೇವಕರು. ಕೇಳಲು ದುಡ್ಡು ಕೊಡಬೇಕಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಆ ದನಿಗಳು. ಎಷ್ಟೋ ಕಾದಂಬರಿಗಳಲ್ಲಿ ಅಧ್ಯಾಯಕ್ಕೊಬ್ಬರು ಓದುತ್ತಾರೆ. ಒಬ್ಬರದು ಗಡಸು, ಇನ್ನೊಬ್ಬರದು ಮೆಲುದನಿ. ಒಬ್ಬಾಕೆ ದುಃಖದ ಸಾಲಿಗೆ ಬಂದಾಗ ಉಸಿರೆಳೆದುಕೊಂಡು ಒಂದು ಕ್ಷಣ ನಿಂತರು. ಹಿಂದೆ ಹಾಳೆ ತಿರುವಿದ ಸಣ್ಣ ಸದ್ದು. ಸ್ಟುಡಿಯೋದ ನಯಕ್ಕಿಂತ ನನಗೆ ಇದೇ ಹೆಚ್ಚು. ಯಾರೋ ಪಕ್ಕದಲ್ಲೇ ಕೂತು ಓದಿ ಹೇಳಿದ ಹಾಗಿರುತ್ತದೆ.

ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ಪ್ರತಿ ರೆಕಾರ್ಡಿಂಗನ್ನೂ ಮತ್ತೊಬ್ಬ ಸ್ವಯಂಸೇವಕರು ಪೂರ್ತಿ ಕೇಳಿ, ಸಾಲು ಬಿಟ್ಟುಹೋಗಿದೆಯೇ, ಎರಡು ಸಲ ಬಂದಿದೆಯೇ ಎಂದು ನೋಡುತ್ತಾರೆ. ಎಂಥ ತಾಳ್ಮೆ!

ದಪ್ಪ ಪುಸ್ತಕ ಕಂಡರೆ ಸುಮ್ನೆ ಪಕ್ಕಕ್ಕಿಡುತ್ತಿದ್ದ ನಾನು ಈಗ ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಿಸುತ್ತಾ ಅಂಥವನ್ನೇ ಕೇಳುತ್ತೇನೆ. ಕಣ್ಣು ಈಗ ವಾಸಿಯಾಗಿದೆ, ಕೇಳೋದು ಮಾತ್ರ ಬಿಟ್ಟಿಲ್ಲ. ನೀವು ಎಲ್ಲೇ ಇದ್ದರೂ ಚೆನ್ನಾಗಿರಿ. ತುಂಬಾ ತುಂಬಾ ಧನ್ಯವಾದ.