ಮಾವ ‘ಅಡ್ಡಿಲ್ಲ’ ಅಂದರೆ

ಮನ್ರೋವಿಲ್, ಪಿಟ್ಸ್‌ಬರ್ಗ್ ಹತ್ತಿರ
16 ಫೆಬ್ರುವರಿ 2025

ಪ್ರೀತಿಯ ಅಕ್ಕ,

ಭಾನುವಾರ ಮಧ್ಯಾಹ್ನ. ಹೊರಗೆ ಹಿಮ ಕರಗಿ ಮತ್ತೆ ಗಟ್ಟಿಯಾಗಿ ಕೂತಿದೆ. ಮಾವ ಮಲಗಿದ್ದಾರೆ. ಅತ್ತೆ ಅವರ ಕಾಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದಾರೆ. ಫೋನಿನಲ್ಲಿ ಹೇಳೋಣ ಅಂದರೆ ಅಮ್ಮ ಎರಡನೇ ಮಾತಿಗೇ ಅಳುತ್ತಾಳೆ, ನಾನು ಹೆದರಿ ಚಳಿ ಮಳೆಯ ಸುದ್ದಿಗೆ ಜಾರುತ್ತೇನೆ. ಅದಕ್ಕೇ ಪತ್ರ. ಪ್ರಿಂಟ್ ತೆಗೆಸಿ ಅಮ್ಮನಿಗೆ ಓದಿ ಹೇಳು. ಎಲ್ಲಿ ಹಾರಿಸಬೇಕು ಅಂತ ನಡುವೆ ಬರೆದಿದ್ದೇನೆ.

ಮೊದಲು ಅಮ್ಮನ ಸಿಟ್ಟು. "ಅಷ್ಟು ದೊಡ್ಡ ದೇಶದಲ್ಲಿದ್ದುಕೊಂಡು ನನ್ನ ತಮ್ಮನಿಗೆ ಔಷಧಿ ನಿಲ್ಲಿಸಿ ಮನೆಗೆ ತಂದು ಮಲಗಿಸಿದಿರಲ್ಲ" ಅಂದಳು. ಔಷಧಿ ನಿಲ್ಲಿಸಿಲ್ಲ ಅಂತ ಹೇಳು. ಕ್ಯಾನ್ಸರ್ ಮೂಳೆಗೆ ಇಳಿದ ಮೇಲೆ ಕೀಮೋ ಬೇಡ ಅಂದದ್ದು ಮಾವನೇ. ನೋವಿಗೆ, ಉಸಿರಿಗೆ, ನಿದ್ದೆಗೆ ಔಷಧಿ ಮೊದಲಿಗಿಂತ ಜಾಸ್ತಿಯೇ ಇದೆ. ಹಾಸ್ಪಿಸ್, ಅಂದರೆ ಗುಣವಾಗದ ಕಾಯಿಲೆಯವರಿಗೆ ಕೊನೆಯ ದಿನಗಳಲ್ಲಿ ಕೊಡುವ ಆರೈಕೆ, ಯಾವುದೋ ಕಟ್ಟಡದಲ್ಲಿ ನಡೆಯುತ್ತದೆ ಅಂತ ನಾನೂ ತಿಳಿದಿದ್ದೆ. ಇಲ್ಲಿ ಹೆಚ್ಚಿನವರಿಗೆ ಅದು ಮನೆಗೇ ಬರುತ್ತದೆ. ನರ್ಸ್, ಸ್ನಾನ ಮಾಡಿಸುವ ಸಹಾಯಕಿ, ಸೋಷಿಯಲ್ ವರ್ಕರ್, ಬೇಕೆಂದರೆ ದೇವರ ಮಾತಾಡುವವರು ಒಬ್ಬರು, ಇವರೆಲ್ಲರ ಹಿಂದೆ ಒಬ್ಬ ಡಾಕ್ಟರ್. ಆಸ್ಪತ್ರೆ ಮಂಚ, ಆಕ್ಸಿಜನ್ ಯಂತ್ರ ಎಲ್ಲ ಅವರೇ ತಂದು ಹಾಕುತ್ತಾರೆ. 65 ದಾಟಿದವರಿಗೆ ಇಲ್ಲಿ ಮೆಡಿಕೇರ್ ಅಂತ ಸರ್ಕಾರದ ವಿಮೆ ಇದೆಯಲ್ಲ, ಅದು 1983ರಿಂದಲೇ ಇದರ ಖರ್ಚು ಕೊಡುತ್ತಿದೆ. ಅತ್ತೆಯ ಕೈಯಿಂದ ಹೆಚ್ಚೇನೂ ಹೋಗುತ್ತಿಲ್ಲ.

ಆದರೆ 24 ಗಂಟೆ ನರ್ಸ್ ಬಂದು ಕೂತಿರುತ್ತಾರೆ ಅಂತ ಅಮ್ಮ ಅಂದುಕೊಂಡಿದ್ದರೆ, ಹಾಗಿಲ್ಲ. ನರ್ಸ್ ವಾರಕ್ಕೆ ಎರಡು ಸಲ, ಒಂದೊಂದು ಗಂಟೆ. ಉಳಿದ ಹೊತ್ತು ಅತ್ತೆ, ಮತ್ತು ರಜಾ ಹಾಕಿ ಬಂದು ಕೂತಿರುವ ನಾನು.

ಆರು ತಿಂಗಳ ಮಾತು ಕೇಳಿ ಅಮ್ಮ ದಿನ ಎಣಿಸುತ್ತಿದ್ದಾಳೆ ಅಂತ ನೀನು ಹೇಳಿದೆಯಲ್ಲ. ಹಾಸ್ಪಿಸ್‌ಗೆ ಸೇರಬೇಕಾದರೆ, ಕಾಯಿಲೆ ತನ್ನ ದಾರಿಯಲ್ಲಿ ಹೋದರೆ ಉಳಿದ ಆಯುಸ್ಸು ಆರು ತಿಂಗಳೊಳಗೆ ಅಂತ ಇಬ್ಬರು ಡಾಕ್ಟರ್ ಬರೆದುಕೊಡಬೇಕು, ಅದು ಇಲ್ಲಿಯ ನಿಯಮ. ಮೊದಲು 90 ದಿನ, ಆಮೇಲೆ ಇನ್ನೊಂದು 90, ಆಮೇಲೆ 60 ದಿನಕ್ಕೊಮ್ಮೆ ಮತ್ತೆ ಬರೆದುಕೊಟ್ಟು ಮುಂದುವರಿಸುತ್ತಾರೆ. ಇಲ್ಲಿಯ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಫೆಬ್ರುವರಿ 2023ರಲ್ಲಿ ಹಾಸ್ಪಿಸ್‌ಗೆ ಸೇರಿದವರು ಮೊನ್ನೆ ಡಿಸೆಂಬರ್ 29ರವರೆಗೆ ಇದ್ದರು, 100 ವರ್ಷ ತುಂಬಿಸಿಕೊಂಡು. ಮಾವನಿಗೆ ಅಷ್ಟು ದಿನ ಇಲ್ಲ ಅಂತ ನಮಗೆ ಗೊತ್ತು. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನ ಯಾವುದೂ ಇಲ್ಲ ಅಂತಷ್ಟೇ ಹೇಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಪೇಪರ್ ತುಣುಕು ನೋಡಿದೆ. ನಮ್ಮ ರಾಜ್ಯ ಸರ್ಕಾರ ಜನವರಿ ಕೊನೆಗೆ ಹೊರಡಿಸಿದ ಆದೇಶ ಬೇರೆ ವಿಷಯ. ಅದು ಸುಪ್ರೀಂ ಕೋರ್ಟಿನ 2018ರ ತೀರ್ಪನ್ನು ಹಿಡಿದು ಬಂದದ್ದು. ಚೇತರಿಕೆಯ ಆಸೆ ಇಲ್ಲದವರಿಗೆ ಜೀವ ಹಿಡಿದಿಡುವ ಯಂತ್ರ ತೆಗೆಯುವುದು ಹೇಗೆ, ಯಾರು ಒಪ್ಪಬೇಕು ಅನ್ನುವ ಕ್ರಮ. ಇಲ್ಲಿ ಯಾರೂ ಏನನ್ನೂ ತೆಗೆಯುತ್ತಿಲ್ಲ. ಅಮ್ಮನಿಗೆ ಎರಡನ್ನೂ ಗಂಟು ಹಾಕಿ ಹೇಳಬೇಡ.

ಇಲ್ಲಿಂದ ಸ್ವಲ್ಪ ದೂರ ಅಮ್ಮನಿಗೆ ಓದಬೇಡ.

ಈಗ ಇರುವುದು ನಮ್ಮ ಎರಡನೇ ಹಾಸ್ಪಿಸ್. ಮೊದಲನೆಯದು ನಾಲ್ಕೇ ದಿನ. ಆಸ್ಪತ್ರೆಯಿಂದ ಹೊರಡುವಾಗ ಒಂದು ಪಟ್ಟಿ ಕೊಟ್ಟರು. ಯಾವುದು ಒಳ್ಳೆಯದು ಅಂತ ಅವರು ಹೇಳುವ ಹಾಗಿಲ್ಲವಂತೆ. ಯಾರು ಮೊದಲು ಬಂದರೋ ಅವರಿಗೆ ನಾವು ಸಹಿ ಹಾಕಿದೆವು. ಹೂವಿನ ಚಿತ್ರದ ಫೈಲು, ನಯವಾದ ಮಾತು, ಅರ್ಧ ಗಂಟೆ. ಹಳೇ ಕಾರು ಕೊಳ್ಳುವಾಗ ನಾನು ಮೂರು ವಾರ ಅಲೆದಿದ್ದೆ ಅಕ್ಕ.

ಶುಕ್ರವಾರ ಅವರ ನರ್ಸ್ ಬಂದರು. ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಅಂತ ಕೇಳಿದರು. ಮಾವ "ನಾಟ್ ಬ್ಯಾಡ್" ಅಂದರು. ಐವತ್ತು ವರ್ಷ ಈ ದೇಶದಲ್ಲಿದ್ದರೂ ಅದು ನಮ್ಮ ಮಲೆನಾಡಿನ ‘ಅಡ್ಡಿಲ್ಲ’ವೇ. ನಿನಗೆ ಗೊತ್ತಲ್ಲ, ಅಜ್ಜ ಅಡಿಕೆ ಮರದಿಂದ ಬಿದ್ದು ಕೈ ಮುರಿದಾಗ ಹೇಳಿದ್ದೂ ಅದನ್ನೇ. ಆ ನರ್ಸ್ ಎರಡು ಅಂತ ಬರೆದುಕೊಂಡು ಹೋದರು.

ಶನಿವಾರ ರಾತ್ರಿ ಎರಡು ಗಂಟೆ ಹೊತ್ತಿಗೆ ನೋವು ಏರಿತು. ಕರೆ ಮಾಡಿದೆ. ಎತ್ತಿದ್ದು ನರ್ಸ್ ಅಲ್ಲ, ಎಲ್ಲೋ ಕೂತು ಹೆಸರು ಬರೆದುಕೊಳ್ಳುವ ಹುಡುಗ. ಮಾವನ ಹೆಸರಿನ ಸ್ಪೆಲ್ಲಿಂಗ್ ಮೂರು ಸಲ ಕೇಳಿದ. ನರ್ಸ್ ವಾಪಸ್ ಕರೆ ಮಾಡಿದ್ದು ನಾಲ್ಕೂವರೆಗೆ. ಮನೆಯಲ್ಲಿ ಇರಬೇಕಾದ ತುರ್ತು ಔಷಧಿಯ ಡಬ್ಬಿ, ಅಂದರೆ ಮಾರ್ಫಿನ್ ಹನಿ, ಗಾಬರಿ ಇಳಿಸುವ ಮಾತ್ರೆ, ಗಂಟಲ ಗೊರಗೊರಕ್ಕೆ ಹನಿ, ಇದು ಬಂದೇ ಇರಲಿಲ್ಲ. ಸೋಮವಾರ ಬರುತ್ತದೆ ಅಂದರು. ಮನೆಗೆ ಜನ ಬಂದಾಗ ಬೆಳಗ್ಗೆ ಹತ್ತು. ಅಲ್ಲಿಯವರೆಗೂ ಮಾವ ಬೈರಾಸಿನ ತುದಿ ಕಚ್ಚಿಕೊಂಡಿದ್ದರು. ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತೇನೋ.

ಇಲ್ಲಿಂದ ಓದಬಹುದು.

ಸೋಮವಾರ ಎದ್ದವನೇ ಕಂಪ್ಯೂಟರ್ ಮುಂದೆ ಕೂತೆ. ಒಂದು 90 ದಿನದ ಅವಧಿಯಲ್ಲಿ ಒಂದು ಸಲ ಹಾಸ್ಪಿಸ್ ಬದಲಾಯಿಸುವ ಹಕ್ಕು ರೋಗಿಗೆ ಇದೆ. ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಅಥವಾ ಆ ಹೂವಿನ ಫೈಲಿನ ಒಳಗೆಲ್ಲೋ ಇತ್ತೇನೋ.

ಮೆಡಿಕೇರ್‌ನವರದೇ ಕೇರ್ ಕಂಪೇರ್ ಅನ್ನುವ ತಾಣ ಇದೆ. ಊರಿನ ಹೆಸರು ಹಾಕಿದರೆ ಅಲ್ಲಿಯ ಹಾಸ್ಪಿಸ್‌ಗಳೆಲ್ಲ ಬರುತ್ತವೆ, ಒಂದರಿಂದ ಐದರವರೆಗೆ ಸ್ಟಾರ್ ಜೊತೆ. ಆ ಸ್ಟಾರ್ ಕೊಡುವವರು ರೋಗಿಗಳಲ್ಲ. ರೋಗಿ ಹೋದ ಕೆಲವು ತಿಂಗಳ ನಂತರ ಮನೆಯವರಿಗೆ ಪ್ರಶ್ನೆಪತ್ರ ಹೋಗುತ್ತದೆ. ಬೇಕೆಂದಾಗ ಸಹಾಯ ಸಿಕ್ಕಿತಾ, ನೋವಿಗೆ ಉಪಾಯ ಮಾಡಿದರಾ, ನಿಮ್ಮ ಮಾತು ಕೇಳಿಸಿಕೊಂಡರಾ, ಹೀಗೆ. ಗಂಡನನ್ನೋ ಅಮ್ಮನನ್ನೋ ಕಳೆದುಕೊಂಡವರು ಕೂತು ಅದನ್ನು ತುಂಬಿ ಕಳಿಸಿದ್ದಾರೆ, ಯಾರೋ ಗುರುತಿಲ್ಲದ ನನ್ನಂಥವನಿಗಾಗಿ. ಅದನ್ನು ಓದುವಾಗ ಕೈ ಮುಗಿಯಬೇಕು ಅನ್ನಿಸಿತು. ನಮ್ಮ ಮೊದಲ ಕಂಪನಿಗೆ ಸ್ಟಾರೇ ಇರಲಿಲ್ಲ. ಸಾಕಷ್ಟು ಉತ್ತರ ಬರದಿದ್ದರೆ ಸ್ಟಾರ್ ಹಾಕುವುದಿಲ್ಲವಂತೆ, ಅದರಿಂದ ಕೆಟ್ಟದ್ದು ಅಂತಲೂ ಹೇಳಲಾಗದು.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಕೆಳಗೆ ಮೂಲೆಯಲ್ಲಿದ್ದ ಇನ್ನೊಂದು ಅಂಕಿ. ಕೊನೆಯ ಮೂರು ದಿನಗಳಲ್ಲಿ ಎರಡು ದಿನವಾದರೂ ನರ್ಸೋ ಸೋಷಿಯಲ್ ವರ್ಕರೋ ಬಂದು ನೋಡಿದ್ದು ಎಷ್ಟು ಮಂದಿಯನ್ನು ಅಂತ. ಇದು ಯಾಕೆ ಮುಖ್ಯ ಅಂದರೆ, ಮೆಡಿಕೇರ್ ದುಡ್ಡು ಕೊಡುವುದು ದಿನದ ಲೆಕ್ಕದಲ್ಲಿ. ಮನೆಯಲ್ಲಿರುವ ರೋಗಿಗೆ ಮೊದಲ 60 ದಿನ, ದಿನಕ್ಕೆ 200 ಡಾಲರಿಗಿಂತ ಸ್ವಲ್ಪ ಜಾಸ್ತಿ, ಆಮೇಲೆ ಕಮ್ಮಿ. ಆವತ್ತು ನರ್ಸ್ ಬಂದರೂ ಆ ದಿನದ ದರ ಅಷ್ಟೇ, ಬರದಿದ್ದರೂ ಅಷ್ಟೇ; ಕೊನೆಯ ಏಳು ದಿನ ಮಾತ್ರ ಬಂದ ಹೊತ್ತಿಗೆ ಸ್ವಲ್ಪ ಮೇಲೆ ಕೊಡುತ್ತಾರೆ. ಈ ದೇಶದ ಬಹುಪಾಲು ಹಾಸ್ಪಿಸ್‌ಗಳು ಈಗ ಲಾಭಕ್ಕೆ ನಡೆಯುವಂಥವು. ಬರದೇ ಇದ್ದರೆ ಯಾರಿಗೆ ಉಳಿತಾಯ ಅಂತ ನೀನೇ ಲೆಕ್ಕ ಹಾಕು. ಲಾಭದವರೆಲ್ಲ ಕಳ್ಳರು ಅನ್ನುತ್ತಿಲ್ಲ. ಆದರೂ ಅಂಗಡಿಯವನು ತಕ್ಕಡಿ ಎತ್ತಿದಾಗ ಕಣ್ಣು ಮುಳ್ಳಿನ ಮೇಲಿರಬೇಕು ಅಲ್ವಾ.

ಮೂರು ಕಡೆ ಫೋನ್ ಮಾಡಿದೆ. ರಾತ್ರಿ ಫೋನ್ ಎತ್ತುವುದು ಯಾರು, ನರ್ಸ್ ಎಲ್ಲಿಂದ ಬರಬೇಕು, ಒಬ್ಬ ನರ್ಸಿಗೆ ಎಷ್ಟು ಮನೆ, ನೋವು ಮನೆಯಲ್ಲಿ ಹಿಡಿತಕ್ಕೆ ಸಿಗದಿದ್ದರೆ ಎಲ್ಲಿಗೆ ಸೇರಿಸುತ್ತೀರಿ, ಅತ್ತೆಗೆ ಸುಸ್ತಾದರೆ ಮಾವನನ್ನು ಕೆಲವು ದಿನ ಎಲ್ಲಿ ನೋಡಿಕೊಳ್ಳುತ್ತೀರಿ ಅಂತೆಲ್ಲ ಕೇಳಿದೆ. (ಈ ಕೊನೆಯದಕ್ಕೆ ಒಂದು ಸಲಕ್ಕೆ ಐದು ದಿನದವರೆಗೆ ಅವಕಾಶ ಇದೆ. ಅತ್ತೆ ಕೇಳಿದ್ದೇ ತಡ, "ನಾನೆಲ್ಲಿಗೆ ಹೋಗಲಿ" ಅಂದರು.) ಒಬ್ಬರು ಬ್ರೋಷರ್ ಕಳಿಸುತ್ತೇವೆ ಅಂದರು. ಇನ್ನೊಬ್ಬರು ಸಂಗೀತ ಹಾಕಿ ಕಾಯಿಸಿದರು. ಮೂರನೆಯ ಕಡೆಯ ಹೆಂಗಸು ಮಾತ್ರ ನೇರವಾಗಿ, "ನಿಮ್ಮ ಕಡೆಗೆ ರಾತ್ರಿ ಇಬ್ಬರೇ ನರ್ಸ್. ಹಿಮ ಬಿದ್ದರೆ ಒಂದು ಗಂಟೆ ಮೀರಬಹುದು. ಆದರೆ ಫೋನು ನರ್ಸೇ ಎತ್ತುತ್ತಾರೆ" ಅಂದರು. ತಮ್ಮ ಕೊರತೆ ಹೇಳಿಕೊಂಡವರು ಅವರೊಬ್ಬರೇ. ಆದರೂ ಒಮ್ಮೆ ಮೋಸ ಹೋಗಿದ್ದೆನಲ್ಲ, ರಾತ್ರಿ ಹನ್ನೊಂದೂವರೆಗೆ ಸುಮ್ನೆ ಪರೀಕ್ಷೆಗೆ ಅವರ ನಂಬರಿಗೆ ಕರೆ ಮಾಡಿದೆ. ಮೂರನೇ ರಿಂಗಿಗೆ ನರ್ಸ್ ಎತ್ತಿದರು. ನಾಚಿಕೆಯಾಗಿ ನಿಜ ಹೇಳಿಬಿಟ್ಟೆ. ಆಕೆ ನಕ್ಕು, "ತುಂಬ ಜನ ಹೀಗೆ ಮಾಡುತ್ತಾರೆ, ಮಾಡಬೇಕು" ಅಂದರು.

ಈ ಭಾಗ ಅಮ್ಮನಿಗೆ ನಿಧಾನವಾಗಿ ಓದು.

ಹೊಸ ನರ್ಸ್ ಬಂದ ದಿನ ಅದೇ ಪ್ರಶ್ನೆ, ಅದೇ "ನಾಟ್ ಬ್ಯಾಡ್". ಆಕೆ ಬರೆದುಕೊಳ್ಳಲಿಲ್ಲ. ಮಾವನ ಕೈ ನೋಡಿದರು. ಬಲಗೈ ಮಂಚದ ಕಂಬಿಯನ್ನು ಎಷ್ಟು ಗಟ್ಟಿ ಹಿಡಿದಿತ್ತು ಅಂದರೆ ಬೆರಳ ಗಿಣ್ಣು ಬೆಳ್ಳಗಾಗಿತ್ತು. ಆಮೇಲೆ ಅತ್ತೆಯ ಕಡೆ ತಿರುಗಿ, ರಾತ್ರಿ ಎಷ್ಟು ಸಲ ಮಗ್ಗಲು ಬದಲಾಯಿಸಿದರು, ಊಟ ಅರ್ಧಕ್ಕೆ ಬಿಟ್ಟರಾ, ಮುಟ್ಟಿದರೆ ಹುಬ್ಬು ಗಂಟಾಗುತ್ತದಾ ಅಂತ ಕೇಳಿದರು. ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿ ಡೋಸ್ ಹೆಚ್ಚಿಸಿದರು. ಡಬ್ಬಿ ಅವತ್ತೇ ಸಂಜೆ ಬಂತು, ಈಗ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇದೆ. ಇನ್ನೊಂದು ಸಣ್ಣ ವಿಷಯ. ಮಾರ್ಫಿನ್ ಕೊಟ್ಟರೆ ಹೊಟ್ಟೆ ಕಟ್ಟುತ್ತದೆ. ಈಕೆ ಮಾರ್ಫಿನ್ ಜೊತೆಗೇ ಅದಕ್ಕೂ ಮಾತ್ರೆ ಬರೆಸಿದರು. ಮೊದಲಿನವರಿಗೆ ಅದು ಹೊಳೆದಿರಲಿಲ್ಲ. ‘ಅಡ್ಡಿಲ್ಲ’ ಅಂದರೆ ಏನು ಅಂತ ನನ್ನಿಂದ ಬರೆಸಿಕೊಂಡು ಮಾವನ ಕಾಗದಪತ್ರದ ಮೇಲೆ ಅಂಟಿಸಿದ್ದಾರೆ: ಹೀಗಂದರೆ ನಂಬಬೇಡಿ, ಕೈ ನೋಡಿ.

ಮಾರ್ಫಿನ್ ಚಟವಾಗುತ್ತದಾ ಅಂತ ಅಮ್ಮ ಕೇಳಿದ್ದಳು. ನಾನೂ ನರ್ಸಿಗೆ ಅದನ್ನೇ ಕೇಳಿದೆ. ನೋವಿಗೆ ತಕ್ಕಷ್ಟೇ ಅಳೆದು ಕೊಡುವುದು, ಸಣ್ಣ ಸಿರಿಂಜಿನಲ್ಲಿ ನಾಲಿಗೆ ಕೆಳಗೆ ಹನಿ ಹಾಕುವುದು ಅಂತ ತೋರಿಸಿಕೊಟ್ಟರು. ಅತ್ತೆ ಪ್ರತಿ ಸಲ ಹೊತ್ತು ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ, ಹಾಲಿನ ಲೆಕ್ಕ ಬರೆದ ಹಾಗೆ.

ಸ್ನಾನಕ್ಕೆ ಬರುವ ಹೆಂಗಸಿನ ವಿಷಯ ಹೇಳಲೇಬೇಕು. ಮೊದಲ ದಿನವೇ ಯಾರೂ ಹೇಳದೆ ಬಾಗಿಲಲ್ಲಿ ಶೂ ಬಿಚ್ಚಿಟ್ಟರು. ಟವೆಲನ್ನು ಬಟ್ಟೆ ಒಣಗಿಸುವ ಯಂತ್ರದಲ್ಲಿ ಬಿಸಿ ಮಾಡಿ ತರುತ್ತಾರೆ. ಸ್ಪಂಜಿನಲ್ಲಿ ಒರೆಸಿದರೆ ಮಾವನಿಗೆ ಸ್ನಾನ ಅನ್ನಿಸುತ್ತಿರಲಿಲ್ಲ. ಅತ್ತೆ ನಾಚುತ್ತಲೇ ನಮ್ಮ ತಾಮ್ರದ ಚೊಂಬು ಕೊಟ್ಟರು. ಈಗ ಅವರು ಕಾಲಿಗೆ, ಕೈಗೆ ಚೊಂಬಿನಲ್ಲೇ ನೀರು ಹುಯ್ಯುತ್ತಾರೆ, ಕೆಳಗೆ ಟಬ್ ಹಿಡಿದು. ‘ಸಾಕು’ ಅನ್ನುವ ಮಾತು ಕಲಿತಿದ್ದಾರೆ. ಪ್ರತಿ ಚೊಂಬಿಗೂ "ಸಾಕಾ?" ಅಂತ ಕೇಳುತ್ತಾರೆ. ಮಾವ ಸುಮ್ಮನೆ ಕಣ್ಣು ಮುಚ್ಚಿ ಇನ್ನೊಂದು ಅಂತ ಬೆರಳು ತೋರಿಸುತ್ತಾರೆ.

ಇವರಲ್ಲೂ ಎಲ್ಲ ಸರಿ ಅಂತಲ್ಲ. ಡೈಪರು ಎರಡು ಸಲ ತಪ್ಪು ಸೈಜ್ ಬಂತು. ಈ ಸಹಾಯಕಿಗೆ ರಜೆ ಬಂದ ವಾರ ಬೇರೆ ಬೇರೆ ಮೂರು ಜನ ಬಂದರು, ಒಬ್ಬರಿಗೂ ಚೊಂಬು ಗೊತ್ತಿಲ್ಲ. ಡಾಕ್ಟರ ಮುಖ ನಾವಿನ್ನೂ ನೋಡಿಲ್ಲ, ಫೋನಿನಲ್ಲಿ ದನಿ ಮಾತ್ರ. ಸೋಷಿಯಲ್ ವರ್ಕರ್ ಒಳ್ಳೆಯವರು, ಆದರೆ ತಲೆ ವಾಲಿಸಿ ಮಾತಾಡುತ್ತಾರೆ, ಮಾವನಿಗೆ ಅದು ಕಂಡರಾಗದು. ಪಾದ್ರಿ ಬರಲಾ ಅಂತ ಕೇಳಿದರಂತೆ. "ಬರಲಿ, ಚೆಸ್ ಬರುತ್ತದಾ ಕೇಳಿ" ಅಂದರಂತೆ ಮಾವ. ಬರುತ್ತದೆ. ಮಂಗಳವಾರ ಮಂಗಳವಾರ ಬರುತ್ತಾರೆ.

ನಿನ್ನ ಅತ್ತೆಗೂ ಇಂಥದ್ದು ಅಲ್ಲಿ ಸಿಗುತ್ತದಾ ಅಂತ ಕೇಳಿದ್ದೆಯಲ್ಲ. ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ, 1994ರಲ್ಲಿ ಶುರುವಾದ ಟ್ರಸ್ಟ್. ಕ್ಯಾನ್ಸರ್ ರೋಗಿಗಳಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಮನೆಗೂ ಬರುತ್ತಾರೆ, ಆದರೆ ಶಿವಮೊಗ್ಗದವರೆಗೆ ಬರುವ ದೂರ ಅಲ್ಲ. ಹತ್ತಿರದಲ್ಲಿ ಬೇರೆ ಯಾರನ್ನಾದರೂ ನೋಡುವುದಾದರೆ ಸ್ಟಾರ್, ಸೈಟ್ ಯಾವುದೂ ಅಲ್ಲಿ ಸಿಗಲಿಕ್ಕಿಲ್ಲ. ರಾತ್ರಿ ಹನ್ನೊಂದೂವರೆಗೆ ಒಂದು ಫೋನ್ ಮಾಡಿ ನೋಡು. ಮಾರ್ಫಿನ್ ಇಡಲು ಪರವಾನಗಿ ಇದೆಯಾ ಅಂತ ಕೇಳು. ಮನೆಗೆ ಬಂದವರು ರೋಗಿಯನ್ನು ನೋಡುತ್ತಾರಾ, ಫೈಲನ್ನು ನೋಡುತ್ತಾರಾ ಅಂತ ನೀನೇ ಪಕ್ಕದಲ್ಲಿ ನಿಂತು ಗಮನಿಸು.

ಅಮ್ಮ ಕೋಡುಬಳೆ ಕಳಿಸುತ್ತೇನೆ ಅಂದಿದ್ದಾಳಂತೆ. ಬೇಡ ಅನ್ನು, ಮಾವನಿಗೆ ಈಗ ನುಂಗಲು ಆಗುವುದು ಎರಡು ಚಮಚ ಮಜ್ಜಿಗೆ ಅನ್ನ. ಅದರ ಬದಲು ನಿನ್ನ ಫೋನಿನಲ್ಲಿ ಅವಳ ದನಿ ರೆಕಾರ್ಡ್ ಮಾಡಿ ಕಳಿಸು. ಅಳದೆ ಮಾತಾಡಲಿ. ತೋಟದ್ದು, ಬಾವಿ ನೀರಿನದ್ದು, ಯಾರ ಮನೆಯ ಮದುವೆ ನಿಂತಿತು ಅನ್ನುವುದು, ಏನಾದರೂ. ಗುರುವಾರ ಬೆಳಗ್ಗೆ ಸ್ನಾನದ ಹೊತ್ತಿಗೆ ಹಾಕುತ್ತೇನೆ. ಅಡಿಕೆ ರೇಟು ಹೇಳಲು ಮರೆಯದಿರಲಿ, ಮಾವ ಅದನ್ನು ಕೇಳಿಯೇ ಕೇಳುತ್ತಾರೆ.

ನಿನ್ನ ತಮ್ಮ